ದಪ್ಪ ಪಿನ್ನಿನ ಲ್ಯಾಪ್‌ಟಾಪು

ಮೈಸೂರಿನ ಮೇಷ್ಟ್ರ ಮನೆಗೆ ಹೊಸ ಲ್ಯಾಪ್‌ಟಾಪು ಬಂದ ದಿನ ಅದನ್ನು ಮೊದಲು ಇಟ್ಟದ್ದು ದೇವರ ಮುಂದೆ, ಆಮೇಲೆ ಇಟ್ಟದ್ದು ಫ್ರಿಜ್ಜಿನ ಪಕ್ಕ. ಮೊದಲನೆಯದು ಅಮ್ಮಾವ್ರ ಇಷ್ಟ. ಎರಡನೆಯದಕ್ಕೆ ಕಾರಣ ಅದರ ಪಿನ್ನು.

ಮೇಷ್ಟ್ರು ಕನ್ನಡ ಅಧ್ಯಾಪಕರಾಗಿ ನಿವೃತ್ತರಾದವರು. ಕಂಪ್ಯೂಟರಿನಿಂದ ಅವರಿಗೆ ಆಗಬೇಕಾದ ಕೆಲಸ ಮೂರೇ: ನುಡಿ ತಂತ್ರಾಂಶದಲ್ಲಿ ಪ್ರಬಂಧ ಟೈಪು ಮಾಡುವುದು, ಪಿಂಚಣಿ ಬಂತೇ ಎಂದು ನೋಡುವುದು, ಹಳೆಯ ಸಿನಿಮಾ ನೋಡುವುದು. ಹನ್ನೊಂದು ವರ್ಷದ ಹಳೆಯ ಲ್ಯಾಪ್‌ಟಾಪು ಈ ಮೂರನ್ನೂ ಮಾಡುತ್ತಿತ್ತು, ಆದರೆ ಅದರದೇ ಲಯದಲ್ಲಿ. ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ಇವರು ಪೂಜೆ ಮುಗಿಸಿ ಕಾಫಿ ಲೋಟ ಹಿಡಿದು ಬರುವ ಹೊತ್ತಿಗೆ ಅದೂ ಎದ್ದು ಕೂತಿರುತ್ತಿತ್ತು. ಹೊಸದು ಹತ್ತೇ ಸೆಕೆಂಡಿನಲ್ಲಿ ಎದ್ದು, 'ಹೂಂ, ಹೇಳಿ' ಎನ್ನುವ ಹಾಗೆ ಕರ್ಸರ್ ಮಿಟುಕಿಸುತ್ತದೆ. 'ಇನ್ನೂ ಸಿಸ್ಟಮ್ ಆನ್ ಆಗ್ತಿದೆ' ಎಂದು ಸಂಪಾದಕರಿಗೆ ಹೇಳುತ್ತಿದ್ದ ನೆಪ ಮೊದಲ ದಿನವೇ ಕೈಬಿಟ್ಟು ಹೋಯಿತು.

'ಅಪ್ಪನಿಗೆ ಟೈಪ್ ಮಾಡಕ್ಕೆ ಒಂದು ಸಣ್ಣದು ನೋಡೋ' ಎಂದಷ್ಟೇ ಅಮ್ಮಾವ್ರು ಬೆಂಗಳೂರಿನ ಮಗನಿಗೆ ಹೇಳಿದ್ದು. ಅವನು ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಒಂದು ಶನಿವಾರ ಪೂರ್ತಿ ಸುತ್ತಿ ತಂದದ್ದು ಗೇಮಿಂಗ್ ಲ್ಯಾಪ್‌ಟಾಪು. 24 ಕೋರ್‌ಗಳ ಪ್ರೊಸೆಸರು, 32 ಜಿಬಿ ರ‍್ಯಾಮು, 1 ಟಿಬಿ ಜಾಗ, 240 ಹರ್ಟ್ಸ್‌ನ ಪರದೆ, ಅದರ ಮೇಲೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪು. 'ಇನ್ನು ಹತ್ತು ವರ್ಷ ಯೋಚನೆ ಇಲ್ಲಪ್ಪ' ಎಂದ. ದೇವರಾಜ ಮಾರ್ಕೆಟ್ಟಿನಿಂದ ಕೊತ್ತಂಬರಿ ಸೊಪ್ಪು ತರಲು ಅಂಬಾರಿ ಆನೆಯನ್ನು ಕಳಿಸಿದ ಹಾಗಾಯಿತು ಎಂದು ಮೇಷ್ಟ್ರಿಗೆ ಅನಿಸಿತು. ಆದರೆ ಆನೆ ಆಗಲೇ ಬಾಗಿಲಿಗೆ ಬಂದಿತ್ತು, ದುಡ್ಡು ಮಗನದಾಗಿತ್ತು.

ಇನ್ನು ಪಿನ್ನು. ಇಟ್ಟಿಗೆಯಷ್ಟು ದೊಡ್ಡ ಅಡಾಪ್ಟರು, ಅದರ ಬಾಲದ ತುದಿಯಲ್ಲಿ ಗೀಸರಿಗೆ ಇರುವಂಥ ದಪ್ಪ ಮೂರು ಕಾಲಿನ ಪ್ಲಗ್ಗು. ಮೇಷ್ಟ್ರ ಓದುವ ಕೋಣೆಯಲ್ಲಿ ಇರುವುದು ಹಳೆಯ ಕಾಲದ ಐದು ಆಂಪ್ಸ್ ಪಾಯಿಂಟು. ಪವರ್ ಪಾಯಿಂಟು ಎನ್ನುವುದು ಇಡೀ ಮನೆಯಲ್ಲಿ ಮೂರೇ ಕಡೆ: ಬಚ್ಚಲಲ್ಲಿ ಗೀಸರಿಗೆ, ಅಡುಗೆಮನೆಯಲ್ಲಿ ಫ್ರಿಜ್ಜಿಗೆ, ಅದರ ಪಕ್ಕದಲ್ಲಿ ಗ್ರೈಂಡರಿಗೆ. ಬಚ್ಚಲಲ್ಲಿ ಕೂತು ಲಲಿತ ಪ್ರಬಂಧ ಬರೆಯುವ ಧೈರ್ಯ ಮೇಷ್ಟ್ರಿಗೆ ಇರಲಿಲ್ಲ.

ನ್ಯಾಯವಾಗಿ ನೋಡಿದರೆ ಈ ದಪ್ಪಕಾಲಿನ ದೌಲತ್ತಿಗೆ ಅರ್ಥವೇ ಇಲ್ಲ. ಅಡಾಪ್ಟರಿನ ಮೇಲೆ ಬರೆದಿರುವುದು 330 ವ್ಯಾಟು. ನಮ್ಮ 230 ವೋಲ್ಟಿನ ಲೈನಿನಲ್ಲಿ ಅದು ಎರಡು ಆಂಪಿಯರನ್ನೂ ಮುಟ್ಟುವುದಿಲ್ಲ. ಸಾವಿರ ವ್ಯಾಟು ಎಳೆಯುವ ಇಸ್ತ್ರಿಪೆಟ್ಟಿಗೆಯೇ ಸಣ್ಣ ಪಿನ್ನಿನಲ್ಲಿ ಮರ್ಯಾದೆಯಿಂದ ಸಂಸಾರ ಮಾಡಿಕೊಂಡಿರುವಾಗ, ಅದರ ಮೂರನೇ ಒಂದು ಭಾಗದಷ್ಟು ತಿನ್ನುವ ಇದಕ್ಕೆ ಆನೆಕಾಲು ಯಾಕೆ? ಎಲೆಕ್ಟ್ರಿಷಿಯನ್ನು ಬಂದು ನೋಡಿ, 'ಸಾರ್, ವೈರಿಂಗ್ ಹಳೇದು. ಕನ್ವರ್ಟರ್ ಸಹವಾಸ ಬೇಡ. ಹೊಸ ಪಾಯಿಂಟ್ ಎಳೆದುಬಿಡೋಣ, ಸ್ವಲ್ಪ ಗೋಡೆ ಒಡೀಬೇಕು ಅಷ್ಟೆ' ಎಂದ. ಹೋದ ದೀಪಾವಳಿಗೆ ಬಣ್ಣ ಬಳಿಸಿದ ಗೋಡೆ. ಅಮ್ಮಾವ್ರು ಅವನಿಗೆ ಕಾಫಿ ಕೊಟ್ಟು ಕಳಿಸಿದರು.

ಹೀಗೆ ಮೇಷ್ಟ್ರ ಸಾಹಿತ್ಯ ಕೃಷಿ ಓದುವ ಕೋಣೆಯಿಂದ ಅಡುಗೆಮನೆಗೆ ವರ್ಗವಾಯಿತು. ಗ್ರೈಂಡರಿನ ಪಾಯಿಂಟು ಲ್ಯಾಪ್‌ಟಾಪಿಗೆ. ಅಮ್ಮಾವ್ರಿಗೆ ಬೇಕಾದಾಗ ಅದನ್ನು ಕಿತ್ತು ಗ್ರೈಂಡರಿಗೆ. ಕಿತ್ತ ಕೂಡಲೇ ಯಂತ್ರದ ಅರ್ಧ ಗತ್ತು ಇಳಿಯುತ್ತದೆ. ಇಂಥ ಲ್ಯಾಪ್‌ಟಾಪುಗಳ ಬ್ಯಾಟರಿಯನ್ನು ಸಾಮಾನ್ಯವಾಗಿ 100 ವ್ಯಾಟ್-ಅವರ್ ಮೀರಿಸುವುದಿಲ್ಲ. ಅದಕ್ಕಿಂತ ದೊಡ್ಡದಾದರೆ ವಿಮಾನದಲ್ಲಿ ಒಯ್ಯಲು ಕಂಪನಿಯವರ ಅಪ್ಪಣೆ ಬೇಕು. 330 ವ್ಯಾಟಿನ ಹಸಿವಿಗೆ 100ರ ಬುತ್ತಿ ಕಟ್ಟಿದರೆ ಇಪ್ಪತ್ತು ನಿಮಿಷವೂ ಬಾರದು. ಅದಕ್ಕೇ ವೈರು ಕಿತ್ತರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಏಕಾದಶಿ ಉಪವಾಸಕ್ಕೆ ಕೂರುತ್ತದೆ. ಮೇಷ್ಟ್ರು ವಿಮಾನ ಹತ್ತುವವರಲ್ಲ. ಆದರೂ ಜಗತ್ತಿನ ವಿಮಾನಗಳ ಕ್ಷೇಮಕ್ಕಾಗಿ ಸರಸ್ವತೀಪುರಂನಲ್ಲಿ ಅವರ ಚಾರ್ಜು ಮುಗಿಯುತ್ತದೆ.

ತೊಡೆಯ ಮೇಲಿಟ್ಟುಕೊಳ್ಳುವ ಪ್ರಯೋಗವೂ ಒಮ್ಮೆ ಆಯಿತು. ಹೆಸರೇ ಲ್ಯಾಪ್, ಎಂದರೆ ತೊಡೆ, ಅಲ್ಲವೇ? ಅಡಾಪ್ಟರು ಸೇರಿಸಿ ನಾಲ್ಕು ಕಿಲೋ ಹತ್ತಿರದ ತೂಕ; ಅಡಿಯಲ್ಲಿ ಕಾವಲಿಯ ಬಿಸಿ; ಮೇಷ್ಟ್ರು ಉಟ್ಟದ್ದು ತೆಳುವಾದ ಪಂಚೆ. ಮೂವತ್ತು ವರ್ಷ ರನ್ನನ ಗದಾಯುದ್ಧ ಪಾಠ ಮಾಡಿದ ಮನುಷ್ಯನಿಗೆ ಊರುಭಂಗ ಅಂದರೇನೆಂದು ಆ ಸಂಜೆ ಅನುಭವಕ್ಕೆ ಬಂತು.

ಕೀಲಿಮಣೆಯ ಬಣ್ಣಗಳ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಂದೊಂದು ಕೀಲಿಯ ಕೆಳಗೂ ಒಂದೊಂದು ದೀಪ. ಕೆಂಪು, ಹಸಿರು, ನೀಲಿ ಅಲೆಅಲೆಯಾಗಿ ಓಡುತ್ತವೆ. ಅಮ್ಮಾವ್ರು ನೋಡಿ, 'ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟು ಇದ್ದ ಹಾಗಿದೆ' ಎಂದರು. ಅವುಗಳಲ್ಲಿ ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ಕೀಲಿಗಳಿಗೆ ವಿಶೇಷ ಮರ್ಯಾದೆ. ಆಟದಲ್ಲಿ ಮುಂದೆ, ಎಡಕ್ಕೆ, ಹಿಂದೆ, ಬಲಕ್ಕೆ ಓಡಿಸುವುದು ಅವೇ ಆದ್ದರಿಂದ ಅವಕ್ಕೆ ಬೇರೆಯೇ ಬಣ್ಣ. ಕೆ.ಪಿ. ರಾವ್ ರೂಪಿಸಿದ, ಸರ್ಕಾರವೂ ಒಪ್ಪಿದ ನುಡಿ ವಿನ್ಯಾಸದಲ್ಲಿ ಅದೇ ನಾಲ್ಕನ್ನು ಒತ್ತಿದರೆ ಬರುವುದು ಡ, ಅ, ಸ, ದ. ಯಾವ ನಿಘಂಟಿಗೂ ಬೇಡವಾದ ಅಕ್ಷರಗುಚ್ಛ. ಕನ್ನಡ ಬರೆಯುವವನ ಪಾಲಿಗೆ ನಿಜವಾಗಿ ದುಡಿಯುವ ಕೀಲಿ ಎಂದರೆ ಎಫ್. ಒತ್ತಕ್ಷರ ಕಟ್ಟಬೇಕಾದಾಗಲೆಲ್ಲ ಅದನ್ನೇ ಒತ್ತಬೇಕು. 'ಕನ್ನಡ' ಎಂದು ಬರೆಯಲೂ ನಡುವೆ ಎಫ್ ಬೇಕು. ಕಣ್ಣುಮುಚ್ಚಿ ಟೈಪು ಮಾಡುವವರ ಗುರುತಿಗೆಂದು ಎಫ್ ಮೇಲೆ ಒಂದು ಸಣ್ಣ ಉಬ್ಬುಗೆರೆ ಇರುತ್ತದಲ್ಲ, ಅದು ಒತ್ತಕ್ಷರದ ದುಡಿಮೆಗೆ ಕೊಟ್ಟ ಪದಕವೆಂದೇ ಮೇಷ್ಟ್ರ ನಂಬಿಕೆ.

ಜಾಗದ ಲೆಕ್ಕದಲ್ಲಿ ಅಮ್ಮಾವ್ರಿಗೆ ಮೊದಲ ದಿನವೇ ಅನುಮಾನ ಬಂತು. ಡಬ್ಬದ ಮೇಲೆ 1 ಟಿಬಿ ಎಂದಿದೆ, ಪರದೆ ತೋರಿಸುವುದು 931 ಜಿಬಿ. ತಯಾರಿಸುವವರು ಸಾವಿರ ಸಾವಿರದ ಲೆಕ್ಕದಲ್ಲಿ ಅಳೆದು ಮಾರುತ್ತಾರೆ, ಕಂಪ್ಯೂಟರು 1,024ರ ಲೆಕ್ಕದಲ್ಲಿ ಅಳೆದು ತೋರಿಸುತ್ತದೆ, ಯಾರೂ ಕದ್ದಿಲ್ಲ ಎಂದು ಮಗ ಫೋನಿನಲ್ಲಿ ವಿವರಿಸಿದ. ಅಮ್ಮಾವ್ರು ಕಾಳು ಅಳೆಸಿಕೊಂಡು ಬೆಳೆದವರು. 'ಅಂದರೆ ಸೇರಿಗೆ ಒಂದು ಚಟಾಕು ಕಡಿಮೆ' ಎಂದರು. ಸೇರಿಗೆ ಹದಿನಾರು ಚಟಾಕು. ನೂರಕ್ಕೆ ಏಳರ ಹತ್ತಿರದ ಈ ಕೊರತೆಗೆ ಅದಕ್ಕಿಂತ ಚೆಂದದ ಅಳತೆ ಯಾವ ಎಂಜಿನಿಯರನಿಗೂ ಹೊಳೆದಿರಲಾರದು.

ಉಳಿದ 931ರಲ್ಲಾದರೂ ಎಷ್ಟು ಹಿಡಿಯುತ್ತದೆ ಎಂದು ಮೇಷ್ಟ್ರು ಕಾಗದ ಪೆನ್ಸಿಲು ಹಿಡಿದು ಕೂತರು. ಯೂನಿಕೋಡಿನ ಈಗಿನ ರೂಢಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. 'ಕನ್ನಡ' ಎಂಬುದರಲ್ಲಿ ಒತ್ತಿನ ಗುರುತೂ ಸೇರಿ ಐದು ಚಿಹ್ನೆ, ಹದಿನೈದು ಬೈಟು. ಒಂದು ಪ್ರಬಂಧಕ್ಕೆ ಧಾರಾಳವಾಗಿ 40 ಸಾವಿರ ಬೈಟು ಎಂದಿಟ್ಟುಕೊಂಡರೆ ಎರಡೂವರೆ ಕೋಟಿ ಪ್ರಬಂಧ ಹಿಡಿಯುತ್ತದೆ. ದಿನಕ್ಕೊಂದರಂತೆ ಬರೆದರೂ ತುಂಬಿಸಲು 68 ಸಾವಿರ ವರ್ಷ. ತಿಂಗಳಿಗೆ ಎರಡು ಬರೆಯುವ ಮೇಷ್ಟ್ರು ಪೆನ್ಸಿಲು ಕೆಳಗಿಟ್ಟರು. ಪ್ರೊಸೆಸರಿನ ಕಥೆಯೂ ಅದೇ. ನುಡಿ ಓಡುವಾಗ ಯಂತ್ರದ ಕೆಲಸ ಎಷ್ಟು ನಡೆಯುತ್ತಿದೆ ಎಂದು ನೋಡಿದರೆ ನೂರಕ್ಕೆ ಎರಡು. 24 ಕೋರ್‌ಗಳಲ್ಲಿ ಒಂದು ಏನೋ ಮಾಡುತ್ತಿತ್ತು, ಉಳಿದವು ಮದುವೆ ಮನೆಯಲ್ಲಿ ಗಂಡಿನ ಕಡೆಯವರ ಹಾಗೆ ಉಪಚಾರಕ್ಕೆ ಕಾದು ಕೂತಿದ್ದವು.

ಅಚ್ಚುಕೂಟದಲ್ಲಿ ಇನ್ನೊಂದು ಭಂಗ. ಹೊಸ ಪುಸ್ತಕದ ಕಡತವನ್ನು ಯೂನಿಕೋಡಿನಲ್ಲಿ ಸಿದ್ಧ ಮಾಡಿ, ಲ್ಯಾಪ್‌ಟಾಪನ್ನೇ ಬೆನ್ನಿಗೆ ಹೇರಿಕೊಂಡು ಮೇಷ್ಟ್ರು ಹೋದರು. ಪುಟ ಕಟ್ಟುವ ಹುಡುಗ ಅದರ ದೀಪಗಳನ್ನು ಭಕ್ತಿಯಿಂದ ನೋಡಿ, 'ಮೇಷ್ಟ್ರೇ, ಮಷೀನ್ ಸೂಪರ್. ಆದರೆ ನಮ್ಮದು ಪೇಜ್‌ಮೇಕರ್. ನುಡಿ ಆಸ್ಕಿಯಲ್ಲಿ ಕೊಟ್ಟುಬಿಡಿ' ಎಂದ. ಪೇಜ್‌ಮೇಕರಿನ ಏಳನೆಯ, ಅಂದರೆ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಆಗ ಮೇಷ್ಟ್ರ ತಲೆಯಲ್ಲಿ ಕೂದಲಿತ್ತು. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಒಗ್ಗುವುದಿಲ್ಲ. ಅದು ಒಪ್ಪುವ ಹಳೆಯ ಫಾಂಟುಗಳು ಕನ್ನಡದ ತುಂಡುಗಳನ್ನು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗೆ ಇಟ್ಟಂಥವು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬಾಡಿಗೆದಾರರೆಲ್ಲ ಮಾಯವಾಗಿ, ತಲೆಯ ಮೇಲೆ ಕೊಂಬು ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಿಟಕಿಯಲ್ಲಿ ಇಣುಕುತ್ತವೆ. ಮೇಷ್ಟ್ರ 2004ರ ಸಂಕಲನವನ್ನು ಹೊಸ ಯಂತ್ರ ಹಾಗೆಯೇ ತೆರೆದು ತೋರಿಸಿತು. ಮೆಚ್ಚಬೇಕಾದದ್ದು ವೇಗವನ್ನು: ಇನ್ನೂರು ಪುಟದ ಅಸಂಬದ್ಧ, ಕಣ್ಣು ಮಿಟುಕಿಸುವಷ್ಟರಲ್ಲಿ.

ಹಾಗಾದರೆ ಈ ಶಕ್ತಿಯಿಂದ ಮನೆಗೆ ಲಾಭವೇ ಆಗಲಿಲ್ಲವೇ? ಆಯಿತು. ಮಾರ್ಗಶಿರದ ಒಂದು ಶನಿವಾರ ಆಯಿತು.

ಹಿಂದೆಲ್ಲ ಎರಡು ತಿಂಗಳಿಗೊಮ್ಮೆ ಬರುತ್ತಿದ್ದ ಮಗ ಲ್ಯಾಪ್‌ಟಾಪು ಬಂದ ಮೇಲೆ ವಾರವಾರವೂ ಬರತೊಡಗಿದ್ದ. ತಂದೆ ತಾಯಿಯ ಮೇಲೆ ಪ್ರೀತಿ ಹೆಚ್ಚಿದೆ ಎಂದು ಅಮ್ಮಾವ್ರು ಕೋಡುಬಳೆ ಕರಿದರು. ಅವನು ಕೋಡುಬಳೆ ತಟ್ಟೆಯೊಂದಿಗೆ ಅಡುಗೆಮನೆಯ ಮೂಲೆ ಸೇರಿ ಕಾರ್ ರೇಸ್ ಹಾಕಿಕೊಂಡ. ಮೇಷ್ಟ್ರ ಪ್ರಬಂಧಗಳಿಗೆ ಎಂದೂ ಉಸಿರೆತ್ತದ ಫ್ಯಾನುಗಳು ಮಿಕ್ಸಿಯ ಹಾಗೆ ಮೊರೆಯತೊಡಗಿದವು. ಪ್ರೊಸೆಸರಿನ ಬಿಸಿ 98 ಡಿಗ್ರಿ ಎಂದು ಮೂಲೆಯಲ್ಲಿ ಅಂಕಿ ಕಾಣಿಸಿತು. ಸಮುದ್ರಮಟ್ಟದಿಂದ ಏಳುನೂರಕ್ಕೂ ಹೆಚ್ಚು ಮೀಟರ್ ಎತ್ತರದ ಮೈಸೂರಿನಲ್ಲಿ ನೀರು ಕುದಿಯುವುದೇ 97ರ ಸುಮಾರಿಗೆ. ಒಲೆಯ ಮೇಲಿನ ಸಾರಿಗಿಂತ ಕಂಪ್ಯೂಟರಿನ ಹೊಟ್ಟೆ ಬಿಸಿಯಾಗಿತ್ತು. ಆ ಸೆಕೆಯೆಲ್ಲ ಹಿಂಬದಿಯ ಜಾಲಿಯಿಂದ ಹೊರಬಂದು, ಪಕ್ಕದಲ್ಲೇ ಮುಚ್ಚಿಟ್ಟಿದ್ದ ದೋಸೆ ಹಿಟ್ಟಿನ ಪಾತ್ರೆಗೆ ರಾತ್ರಿ ಒಂದರವರೆಗೆ ಬಡಿಯುತ್ತಿತ್ತು.

ಚಳಿಗಾಲದ ದೋಸೆ ಹಿಟ್ಟಿನ ಸಂಕಟ ಮೈಸೂರಿನವರಿಗೆ ಗೊತ್ತು. ಕಂಬಳಿ ಹೊದಿಸಿದರೂ, ಒಲೆಯ ಪಕ್ಕ ಇಟ್ಟರೂ ಅದು ಉಬ್ಬುವುದಿಲ್ಲ. ಮೂವತ್ತು ಡಿಗ್ರಿಯ ಆಸುಪಾಸಿನ ಬೆಚ್ಚಗೆ ಸಿಗದಿದ್ದರೆ ಹುಳಿ ಬರಿಸುವ ಜೀವಾಣುಗಳು ಮುಷ್ಕರ ಹೂಡುತ್ತವೆ. ಭಾನುವಾರ ಬೆಳಿಗ್ಗೆ ಅಮ್ಮಾವ್ರು ನೋಡಿದರೆ ಹಿಟ್ಟು ಮುಚ್ಚಳ ಎತ್ತಿಕೊಂಡು ಕಟ್ಟೆಯ ಮೇಲೆ ಹರಿದಿತ್ತು. ದೋಸೆಗೆ ಅಂಥ ತೂತು ಬಿದ್ದದ್ದು ಏಪ್ರಿಲ್ ಆದ ಮೇಲೆ ಅದೇ ಮೊದಲು.

1991ರಲ್ಲಿ ಪುಣೆಯ ಸಿ-ಡ್ಯಾಕ್ ಪರಮ್ 8000 ಎಂಬ ಸೂಪರ್ ಕಂಪ್ಯೂಟರನ್ನು ಕಟ್ಟಿದಾಗ ದೇಶವೆಲ್ಲ ಹೆಮ್ಮೆಪಟ್ಟಿತ್ತು. ಅದರ ಸಾಮರ್ಥ್ಯವನ್ನು ಹೇಳುತ್ತಿದ್ದದ್ದು ಗಿಗಾಫ್ಲಾಪ್‌ನಲ್ಲಿ. ಒಂದು ಗಿಗಾಫ್ಲಾಪ್ ಎಂದರೆ ಸೆಕೆಂಡಿಗೆ ನೂರು ಕೋಟಿ ಲೆಕ್ಕ. ಈ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು ಟೆರಾಫ್ಲಾಪ್‌ಗಳಲ್ಲಿ ಮಾತಾಡುತ್ತದೆ, ಎಂದರೆ ಸೆಕೆಂಡಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ. ಮೇಷ್ಟ್ರು ಇದನ್ನು ಹೇಳಿದಾಗ ಅಮ್ಮಾವ್ರು ಎರಡನೇ ದೋಸೆ ತಿರುವಿ ಹಾಕುತ್ತ, 'ಅದಕ್ಕೇ ಮತ್ತೆ ಇಷ್ಟು ಚೆನ್ನಾಗಿ ಹುದುಗು ಬಂದಿರೋದು' ಎಂದರು.

ಅಂದಿನಿಂದ ಲ್ಯಾಪ್‌ಟಾಪಿನ ಮೇಲೆ ಅವರಿಗೂ ಹಕ್ಕು ಬಂತು. ಅವರೆಕಾಯಿ ಸುಲಿಯುವಾಗ ಸಿನಿಮಾ. 107 ಕೋಟಿ ಬಣ್ಣ ತೋರಿಸಬಲ್ಲ ಪರದೆಯಲ್ಲಿ ಅವರು ಆರಿಸಿಕೊಂಡದ್ದು ರಾಜ್‌ಕುಮಾರ್ ಅವರ 1971ರ ಕಪ್ಪುಬಿಳುಪಿನ 'ಕಸ್ತೂರಿ ನಿವಾಸ'. 2014ರಲ್ಲಿ ಅದಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದ್ದರು, ಅದನ್ನಾದರೂ ಹಾಕೋಣ ಎಂದು ಮೇಷ್ಟ್ರು ಅಂದರೂ ಕೇಳಲಿಲ್ಲ. ಪರದೆ ಸೆಕೆಂಡಿಗೆ 240 ಬಾರಿ ಹೊಸದಾಗುತ್ತದೆ, ಸಿನಿಮಾದಲ್ಲಿ ಇರುವುದು ಸೆಕೆಂಡಿಗೆ 24 ಚಿತ್ರ. ಹಾಗಾಗಿ ಒಂದೊಂದು ಚಿತ್ರವನ್ನೂ ಅದು ಹತ್ತು ಹತ್ತು ಸಲ ತೋರಿಸಬೇಕು. ಅಮ್ಮಾವ್ರೇನೂ ಕಡಿಮೆಯಿಲ್ಲ, ಆ ಸಿನಿಮಾವನ್ನು ಹತ್ತು ಸಲ ನೋಡಿದವರೇ.

ಸಂಕ್ರಾಂತಿಗೆ ಬಂದ ಮಗ ಪಿನ್ನಿನ ಸಮಸ್ಯೆಯನ್ನು ಬಗೆಹರಿಸಿದ. ಅಡಾಪ್ಟರಿನ ಇನ್ನೊಂದು ತುದಿಯನ್ನು ತಿರುಗಿಸಿ ನೋಡಿ, 'ಇದು ಹಳೇ ಡೆಸ್ಕ್‌ಟಾಪಿನ ವೈರೇ ಅಲ್ವಾ?' ಎಂದವನೇ ಅಟ್ಟ ಹತ್ತಿದ. ಮೇಷ್ಟ್ರು ಡೆಸ್ಕ್‌ಟಾಪನ್ನು ಗುಜರಿಗೆ ಹಾಕಿದಾಗ, 'ವೈರು ಯಾವತ್ತಾದರೂ ಬೇಕಾಗತ್ತೆ' ಎಂದು ಅಮ್ಮಾವ್ರು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಸಣ್ಣ ಪಿನ್ನಿನ ಆ ಹಳೆಯ ವೈರು ಹೊಸ ಅಡಾಪ್ಟರಿಗೆ ಸರಿಯಾಗಿ ಕೂತಿತು. ಐದು ವಾರದ ವನವಾಸ ಮುಗಿಸಿ ಲ್ಯಾಪ್‌ಟಾಪು ಓದುವ ಕೋಣೆಯ ಮೇಜಿಗೆ ಬಂತು. ಒಗ್ಗರಣೆಯ ಘಾಟಿಲ್ಲ, ಗ್ರೈಂಡರಿನ ಸದ್ದಿಲ್ಲ. ಮೇಷ್ಟ್ರು ಬಾಗಿಲು ಮುಂದೆ ಮಾಡಿಕೊಂಡು, ಬಾಕಿಯಿದ್ದ ಪ್ರಬಂಧದ ಮೊದಲ ವಾಕ್ಯ ಟೈಪು ಮಾಡಿದರು.

ಎರಡು ದಿನ ದೋಸೆ ಹಪ್ಪಳದ ಹಾಗಿತ್ತು. ಯಾರೂ ಏನೂ ಅನ್ನಲಿಲ್ಲ.

ಮೂರನೆಯ ರಾತ್ರಿ ಒಂಬತ್ತರ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಅಮ್ಮಾವ್ರು ಹಿಟ್ಟಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

'ರೀ, ಆ ಕಿಟೆಲ್ ನಿಘಂಟು ಸ್ವಲ್ಪ ಆಚೆ ಸರಿಸಿ.'

ನಿಘಂಟು ಸರಿಯಿತು. ಲ್ಯಾಪ್‌ಟಾಪಿನ ಹಿಂಬದಿಯ ಜಾಲಿಗೆ ಒತ್ತಿ ಪಾತ್ರೆ ಕೂತಿತು. ಅಮ್ಮಾವ್ರು ಜಾಲಿಯ ಹತ್ತಿರ ಅಂಗೈ ಹಿಡಿದು ನೋಡಿ ತಲೆ ಆಡಿಸಿದರು.

'ನಿಮ್ಮ ಬರವಣಿಗೆಯಲ್ಲಿ ಬಿಸಿ ಬರೋದಿಲ್ಲ. ಮಗನ ಕಾರಿನ ಆಟ ಹಾಕಿ.'

ಮೇಷ್ಟ್ರು ಕಡತವನ್ನು ಉಳಿಸಿ, ಆಟ ಹಾಕಿದರು. ಫ್ಯಾನು ಏರತೊಡಗಿತು.