‘ಒಂದು ಹಲ್ಲು ತಾನೇ’ ಎನ್ನುವ ಮೆಕ್ಯಾನಿಕ್ ಅಣ್ಣನಿಗೆ ಬಹಿರಂಗ ಪತ್ರ

ಸನ್ಮಾನ್ಯ ಮೆಕ್ಯಾನಿಕ್ ಅಣ್ಣನವರಿಗೆ,

ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಿ ಮುಚ್ಚಿಸುವ ಟೈಮಿಂಗ್ ಬೆಲ್ಟ್ ಹಾಕುವಾಗ ಗುರುತು ಕೂಡಿಸುವ ಕೆಲಸವನ್ನು ನೀವು ಬರೀ ಅಂದಾಜಿನ ಮೇಲೆ ಮುಗಿಸಿದ್ದು ಕಂಡು ಬೆರಗಾದೆ. ಹೊಸ ಕಾರು ಮನೆಗೆ ತರುವಾಗ ರಾಹುಕಾಲ ಕಳೆಯಲಿ ಎಂದು ಶೋರೂಮಿನ ಸೋಫಾದಲ್ಲಿ ಒಂದೂವರೆ ತಾಸು ಕೂರುವ ಜನ ನಾವು. ಅದೇ ಕಾರಿನ ವಾಲ್ವ್‌ಗಳಿಗೆ ಮಾತ್ರ ಯಾವ ಗಳಿಗೆಯಾದರೂ ನಡೆಯುತ್ತದೆ ಎಂಬ ನಿಮ್ಮ ವೈಚಾರಿಕತೆ ದೊಡ್ಡದು.

ಕಂಪನಿಯ ಎಂಜಿನಿಯರುಗಳು ಅಂಜುಬುರುಕರು. 1962ರ ಸುಮಾರಿಗೆ ಜರ್ಮನಿಯ ಗ್ಲಾಸ್ 1004 ಕಾರಿಗೆ ಹಲ್ಲಿನ ರಬ್ಬರ್ ಬೆಲ್ಟ್ ಬಂದಾಗಿನಿಂದಲೂ ಹೆದರುತ್ತಲೇ ಇದ್ದಾರೆ. ಕ್ಯಾಮ್ ಗಾಲಿಯ ಮೇಲೊಂದು ಚುಕ್ಕೆ, ಅದಕ್ಕೆದುರಾಗಿ ಹೆಡ್ ಮೇಲೊಂದು ಗೀರು. ಕೆಳಗೆ ಕ್ರ್ಯಾಂಕ್ ಗಾಲಿಗೊಂದು ಚುಕ್ಕೆ, ಅದರ ಜೋಡಿ ಆಯಿಲ್ ಪಂಪಿನ ಮೈಮೇಲೆ. ಗ್ರೀಸು, ಧೂಳಿನಡಿ ಹೂತುಹೋದ ಇವನ್ನು ನೋಡಲು ಟಾರ್ಚ್ ಹಿಡಿದು, ವೇಸ್ಟ್ ಬಟ್ಟೆಯಲ್ಲಿ ಉಜ್ಜಿ, ಕುತ್ತಿಗೆ ಸೊಟ್ಟ ಮಾಡಬೇಕು. ನೀವು ಜಾಣರು, ಹೊರಗೆ ಕಣ್ಣಿಗೆ ಬೀಳುವ ದೊಡ್ಡ ಪುಲ್ಲಿಯ ಗೀರನ್ನೇ ಹಿಡಿದಿರಿ. ಅದು ಇಗ್ನಿಷನ್ ನೋಡಲು ಇಟ್ಟ ಗೀರು, ಪುಲ್ಲಿಯ ನಡುವಿನ ರಬ್ಬರ್ ಸಡಿಲವಾಗಿದ್ದರೆ ಅದೂ ಜಾರಿರುತ್ತದೆ ಎಂಬುದೆಲ್ಲ ಪುಸ್ತಕದ ಬದನೆಕಾಯಿ. ಡಸ್ಟರ್‌ನ 1.5 ಡೀಸೆಲ್‌ನಂಥ ಎಂಜಿನ್‌ಗಳಿಗೆ ಪಿನ್ ತೂರಿಸಿ ಗಾಲಿ ಲಾಕ್ ಮಾಡಬೇಕಂತೆ. ನಿಮ್ಮ ಕಣ್ಣಿನ ಮುಂದೆ ಯಾವ ಪಿನ್ನು!

ನಿಮ್ಮ ವೈಟ್ನರ್ ವಿದ್ಯೆಯೂ ಘನವಾದದ್ದು. ಹಳೇ ಬೆಲ್ಟಿಗೆ ಬಿಳಿ ಗೆರೆ ಎಳೆದು, ಹಲ್ಲು ಎಣಿಸಿ, ಹೊಸದರ ಮೇಲೆ ಇಳಿಸುವುದು. ಹಳೇ ಬೆಲ್ಟ್ ಮೊದಲೇ ಒಂದು ಹಲ್ಲು ಹಾರಿ ಕೂತಿದ್ದರೆ ಆ ತಪ್ಪೂ ಭಕ್ತಿಯಿಂದ ನಕಲಾಗುತ್ತದೆ. ಪರಂಪರೆ ಉಳಿಯಬೇಕಲ್ಲ.

‘ಒಂದು ಹಲ್ಲು ತಾನೇ ಸಾರ್, ಓಡುತ್ತೆ’ ಎಂದಿರಿ. ಓಡುತ್ತದೆ, ಸುಳ್ಳಲ್ಲ. ಕ್ರ್ಯಾಂಕ್ ಗಾಲಿಗೆ 20 ಹಲ್ಲಿದ್ದರೆ ಒಂದು ಹಲ್ಲೆಂದರೆ 18 ಡಿಗ್ರಿ. ಏರಿನಲ್ಲಿ ಎಳೆಯುವುದಿಲ್ಲ, ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಚೆಕ್ ಎಂಜಿನ್ ದೀಪ ಹತ್ತಿದರೆ ‘ಸೆನ್ಸರ್ ಹೋಗಿದೆ’ ಎಂದು ಅದನ್ನೂ ಬದಲಿಸಬಹುದು, ವ್ಯಾಪಾರಕ್ಕೆ ಒಳ್ಳೆಯದೇ. ಇನ್ನೆರಡು ಹಲ್ಲು ತಪ್ಪಿತೋ, ಪಿಸ್ಟನ್ ಮೇಲೇರುವಾಗ ವಾಲ್ವ್ ಇನ್ನೂ ಕೆಳಗೇ ಚಾಚಿಕೊಂಡಿರುತ್ತದೆ. 3000 ಆರ್‌ಪಿಎಂನಲ್ಲಿ ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಬರುತ್ತದೆ. ಆಮೇಲೆ ಹೆಡ್ ಬಿಚ್ಚುವುದು, ಬೆಂಡಾದ ವಾಲ್ವ್ ಎಣಿಸುವುದು. ಹಲ್ಲು ತಪ್ಪಿದ್ದನ್ನು ತಾಳಿಕೊಳ್ಳುವ ಎಂಜಿನ್‌ಗಳೂ ಇವೆ. ಯಾವುದು ತಾಳುತ್ತದೆ ಎಂದು ಪ್ರಯೋಗ ಮಾಡುವ ಧೈರ್ಯ ನಿಮ್ಮದು, ಎಂಜಿನ್ ನಮ್ಮದು.

ಇದನ್ನೆಲ್ಲ ತಪ್ಪಿಸುವ ಕೆಲಸ ಮಾತ್ರ ತೀರಾ ಸಪ್ಪೆ, ನಿಮ್ಮ ಕೀರ್ತಿಗೆ ತಕ್ಕದ್ದಲ್ಲ. ಬೆಲ್ಟ್ ಕೂರಿಸಿ, ಟೆನ್ಷನರ್ ಬಿಗಿದ ಮೇಲೆ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ಪೂರ್ತಿ ಎರಡು ಸುತ್ತು. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದು ಸುತ್ತುತ್ತದೆ. ಗಾಲಿಯ ಗುರುತುಗಳು ಮತ್ತೆ ಎದುರುಬದುರಾಗಬೇಕು. (ಬೆಲ್ಟಿನ ಮೇಲಿನ ಬಿಳಿ ಗೆರೆ ಎಲ್ಲೋ ಹೋಗಿರುತ್ತದೆ, ಅದು ಹಾಗೇ.) ನಡುವೆ ಗಟ್ಟಿಯಾಗಿ ತಡೆದರೆ ಕೈಗೆ ಗೊತ್ತಾಗುತ್ತದೆ, ನಿಲ್ಲಿಸಬಹುದು. ಸೆಲ್ಫ್ ಮೋಟರಿಗೆ ಆ ಸಂಕೋಚವಿಲ್ಲ. ನೀವು ನೇರ ಸೆಲ್ಫೇ ಹೊಡೆದಿರಿ.

ಮುಂದಿನ ಸಲ ಬಿಲ್ಲಿನಲ್ಲಿ ‘ಕೈಯಿಂದ ಎರಡು ಸುತ್ತು’ ಎಂದು ಬೇರೆ ಸಾಲು ಹಾಕಿ, ಮುಂದೆ ಇನ್ನೂರು ರೂಪಾಯಿ ಬರೆದುಕೊಳ್ಳಿ. ಚೌಕಾಸಿ ಮಾಡುವುದಿಲ್ಲ. ತಿರುಗಿಸುವಾಗ ಪಕ್ಕದಲ್ಲಿ ನಿಲ್ಲಲು ನನ್ನನ್ನೂ ಕರೆಯಿರಿ, ಟಾರ್ಚ್ ನಾನೇ ಹಿಡಿಯುತ್ತೇನೆ.

ಇಂತಿ,
ನಿಮ್ಮ ಗಿರಾಕಿ