ಗಾಡಿಯ ಅಟ್ಟ

"ಮೇಲಕ್ಕೆ ಏನೇನು ಏರಿಸ್ತೀರಿ ಅಂತ ಮೊದ್ಲು ಯೋಳಿ ಮೇಷ್ಟ್ರೇ. ಕ್ಯಾರಿಯರ್ ಇರೋ ಟಿಟಿ ಬೇಕೋ ಬ್ಯಾಡ್ವೋ ಅನ್ನದ ಆಮೇಲೆ ನೋಡವ" ಅಂದರು ಪಕ್ಕದ ಮನೆಯ ಅಣ್ಣ, ದಾಸವಾಳದ ಬೇಲಿಯ ಮೇಲೆ ಮೊಣಕೈ ಊರಿಕೊಂಡು.

ಎರಡೂ ಮನೆಯವರು ಸೇರಿ ಒಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಬಾಡಿಗೆಗೆ ಹಿಡಿದು ಸುಬ್ರಹ್ಮಣ್ಯ, ಧರ್ಮಸ್ಥಳಕ್ಕೆ ಹೋಗಿಬರುವ ಮಾತು. ಹುಣಸೂರಿಂದ ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಮಡಿಕೇರಿ. ಅಲ್ಲಿಂದ ಸಂಪಾಜೆ ಘಾಟಿ ಇಳಿದು ಸುಳ್ಯ. ದಾರಿ ಎಲ್ಲರಿಗೂ ಗೊತ್ತಿರುವುದೇ. ತಕರಾರು ಇದ್ದದ್ದು ಸಾಮಾನಿನದು. ಹೆಂಗಸರ ಲೆಕ್ಕದಲ್ಲಿ ಅಕ್ಕಿ, ತಪ್ಪಲೆ, ಗ್ಯಾಸ್ ಒಲೆ, ಜಮಖಾನ, ಮಕ್ಕಳ ಹೊದಿಕೆ, ವಾಪಸ್ ಬರುವಾಗ ಹಾದಿಯಲ್ಲಿ ಕೊಳ್ಳುವ ತೆಂಗಿನಕಾಯಿ, ಎಲ್ಲವೂ ಇದೆ. ಮನೆಗಾದರೆ ಅಟ್ಟ ಇದೆ, ಬೇಡದ್ದನ್ನೆಲ್ಲ ಏರಿಸಿ ಮರೆತುಬಿಡಬಹುದು. ಗಾಡಿಯ ಅಟ್ಟಕ್ಕೆ ಏರಿಸಿದ್ದನ್ನು ಮರೆಯುವ ಹಾಗಿಲ್ಲ. ಅದು ನಮ್ಮ ತಲೆಯ ಮೇಲೆ ನಮ್ಮ ಜೊತೆಗೇ ಓಡುತ್ತಿರುತ್ತದೆ.

ನನಗೆ ಈ ವಿಷಯ ಮನಸ್ಸಿಗೆ ಹತ್ತಿದ್ದು ತಂಗಿಯ ಮಗ ಅಮೆರಿಕದಿಂದ ಕಳಿಸಿದ ವಿಡಿಯೋದಿಂದ. ಅವನೂ ಅವನ ಗೆಳೆಯರೂ ಸೇರಿ ಒಂದು ಟ್ರೇಲರ್ ಬಾಡಿಗೆಗೆ ಹಿಡಿದಿದ್ದಾರೆ. ಅದಕ್ಕೆ ಟಾಯ್ ಹಾಲರ್ ಅಂತಾರಂತೆ. ಹಿಂದಿನ ಗೋಡೆಯೇ ಕೆಳಗೆ ಮಡಚಿಕೊಂಡು ಇಳಿಜಾರಾಗುತ್ತದೆ, ಅದರ ಮೇಲೆ ಮೋಟಾರ್ ಬೈಕು ಒಳಕ್ಕೆ ಹತ್ತಿಸುತ್ತಾರೆ. ಬೈಕು ನಿಲ್ಲುವ ಜಾಗದ ನೆತ್ತಿಯ ಮೇಲೇ ಮಂಚ. ಹಗಲು ಗುಂಡಿ ಒತ್ತಿದರೆ ಮೋಟಾರು ಮಂಚವನ್ನು ಛಾವಣಿಯವರೆಗೆ ಎತ್ತುತ್ತದೆ. ರಾತ್ರಿ ಬೈಕು ಹೊರಗೆ, ಮಂಚ ಕೆಳಗೆ. "ಮಾವ, ದಾರಿಯಲ್ಲಿ ಆ ಮಂಚದ ಮೇಲೆ ಕುರ್ಚಿ, ಟೆಂಟು, ಡಬ್ಬಿ ಎಲ್ಲಾ ಒಟ್ಟಿಬಿಟ್ಟರೆ ಎಷ್ಟು ಜಾಗ ಉಳಿಯುತ್ತೆ ನೋಡು" ಅಂತ ಅವನ ಹಿಗ್ಗು. ನಾನು ಆ ವಿಡಿಯೋವನ್ನು ಬೇಲಿಯಾಚೆ ಹಿಡಿದು ತೋರಿಸಿದೆ. ಹೊಗೆಸೊಪ್ಪು, ಶುಂಠಿ, ಮರ ಅಂತ ಲಾರಿ ಓಡಿಸಿ ಕೂದಲು ಬೆಳ್ಳಗಾದ ಅಣ್ಣ ಅದನ್ನು ಎರಡು ಸಲ ನೋಡಿದರು.

"ಚೆನ್ನಾಗದೆ. ಆದ್ರೆ ಒಟ್ಟಬ್ಯಾಡ ಅನ್ನಿ. ಮಂಚ ಕೆಳಗಿಳಿದು ಗಟ್ಟಿಯಾಗಿ ಕೂತಾಗ ಇಬ್ರನ್ನ ತಡೀಬೋದು. ಎತ್ಕಂಡು ಓಡಾಗ ಅದು ತೂಗಾಕಿರೋ ಲೆಕ್ಕ. ಗುಂಡಿಗೆ ಬಿದ್ದಾಗ ಮೇಲಿರೋ ತೂಕ ಪೂರಾ ಆ ಹಲ್ಲು, ಆ ಬೆಲ್ಟಿಗೆ ಬೀಳ್ತದೆ. ಎಷ್ಟು ಮಡಗಬೋದು ಅಂತ ಗಾಡಿ ಮಾಡಿದೋರು ಪುಸ್ತಕದಲ್ಲಿ ಬರ್ದಿರ್ತಾರೆ, ಅದ ಓದು ಅನ್ನಿ ಮೊದ್ಲು. ಇನ್ನು ಎತ್ತುವಾಗ ಕುರ್ಚಿ ಕಾಲು ಛಾವಣಿಗೆ ಒತ್ಕಂಡ್ರೆ ಮೋಟ್ರು ಹೋಯ್ತು."

ಎಂದೂ ನೋಡದ ಗಾಡಿಯ ಬಗ್ಗೆ ಇಷ್ಟು ಸರಿಯಾಗಿ ಹೇಳಲು ಅಣ್ಣನಿಗೆ ಸಾಧ್ಯವಾದದ್ದು ಅವರು ತೂಕವನ್ನು ಮೈಯಲ್ಲಿ ಬಲ್ಲವರಾದ್ದರಿಂದ. ನಮ್ಮ ಕಡೆ ಶುಂಠಿ ಮೂಟೆ ಅಂದರೆ 60 ಕೆ.ಜಿ. ಲೆಕ್ಕ. ಎಚ್.ಡಿ. ಕೋಟೆ ಕಡೆಯ ಹೊಲಗಳಿಂದ ಆ ಮೂಟೆಗಳನ್ನು ತುಂಬಿಕೊಂಡು, ಅಂತರಸಂತೆ ದಾಟಿ ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ದಾರಿ ಅವರಿಗೆ ಅಂಗೈ ಗೆರೆ. ಮೂಟೆ ನೆಲದಲ್ಲಿದ್ದರೆ ಗಾಡಿ ತಿರುವಿನಲ್ಲಿ ಮಾತು ಕೇಳುತ್ತದೆ. ಅದೇ ಮೂಟೆ ನೆತ್ತಿಯ ಮೇಲಿದ್ದರೆ ಗಾಡಿ ತಿರುಗಿದ ಮೇಲೂ ಮೂಟೆ ಇನ್ನೂ ಹೊರಕ್ಕೇ ಎಳೆಯುತ್ತಿರುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು. ಎಡಕ್ಕೆ ವಾಲಿದ ಗಾಡಿ ನೆಟ್ಟಗಾಗುವ ಮೊದಲೇ ಬಲಕ್ಕೆ ವಾಲಬೇಕು. ಅಂಥ ಕಡೆ ಮೇಲಿನ ಹತ್ತು ಕೆ.ಜಿ.ಯ ಬೆಲೆ ಕೆಳಗಿನ ಹತ್ತು ಕೆ.ಜಿ.ಗಿಂತ ಬೇರೆ.

ಹಾಗಾಗಿ ಅಕ್ಕಿ ಕೆಳಗೆ, ರಾಗಿಹಿಟ್ಟು ಕೆಳಗೆ, ತೆಂಗಿನಕಾಯಿ ಕೆಳಗೆ. ಮೇಲಕ್ಕೆ ಹಾಸಿಗೆ ಸುರುಳಿ, ಹೊದಿಕೆ, ಬಟ್ಟೆ ಗಂಟು. ಅವರೆಕಾಯಿ ಕಾಲವಾಗಿದ್ದರೆ ಅದೂ ಮೇಲಕ್ಕೇ, ಗಾಳಿ ಆಡದಿದ್ದರೆ ಕಾಯಿ ಬೆವರಿ ಸೊಗಡು ಹೋಗುತ್ತದೆ.

ಬೈಲಕುಪ್ಪೆಯ ಟಿಬೆಟಿಯನ್ನರನ್ನು ನಾನು ಇದರಲ್ಲಿ ಮೆಚ್ಚುತ್ತೇನೆ. 1961ರ ಸುಮಾರಿಗೆ ಪಿರಿಯಾಪಟ್ಟಣ ತಾಲೂಕಿನ ಕಾಡಂಚಿಗೆ ಬಂದು ನೆಲೆ ನಿಂತವರು, ಮುಸುಕಿನ ಜೋಳ ಬೆಳೆದವರು. ಚಳಿಗಾಲ ಬಂತೆಂದರೆ ಮನೆಮಂದಿಯೆಲ್ಲ ಸ್ವೆಟರ್ ಮಾರಲು ದೂರದೂರದ ಊರುಗಳಿಗೆ ಹೊರಡುತ್ತಿದ್ದರು. ಹಿಂದೆ ಏಣಿ, ನೆತ್ತಿಯಲ್ಲಿ ಕ್ಯಾರಿಯರ್ ಇದ್ದ ಕೆಂಪು ಬಸ್ಸುಗಳ ಕಾಲ ಅದು. ಅವರ ಗಂಟು ಆಳೆತ್ತರ ಇದ್ದರೂ ಒಳಗಿರುವುದು ಉಣ್ಣೆ. ಮೇಲೆ ಹಾಕಿದರೂ ಬಸ್ಸಿಗೆ ಭಾರವಿಲ್ಲ, ಬಿದ್ದರೂ ಒಡೆಯುವುದಿಲ್ಲ, ಸುತ್ತ ಪ್ಲಾಸ್ಟಿಕ್ ಹೊದಿಸಿ ಹೊಲಿದರೆ ಮಳೆಗೂ ಅಂಜಿಕೆಯಿಲ್ಲ. ಟಾಪಿಗೆ ಹೇಳಿ ಮಾಡಿಸಿದ ಸಾಮಾನು ಅಂದರೆ ಅದೇ. ಹೊಗೆಸೊಪ್ಪಿನ ಬೇಲು ನೋಡಲು ಹಾಗೇ ಕಂಡರೂ ಹಾಗಲ್ಲ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜಿಗೆ ಹೋಗುವ ದಾರಿಯಲ್ಲಿ ಒಂದು ಹನಿ ಮಳೆ ಒಳಗಿಳಿದರೂ ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಹಗಲೂ ರಾತ್ರಿ ಬೆಂಕಿ ಕಾದ ಶ್ರಮ ಕೆಡುತ್ತದೆ. ಅದಕ್ಕೆ ಟಾರ್ಪಲ್ ಮೊದಲು, ಹಗ್ಗ ಆಮೇಲೆ.

ಹಗ್ಗದ ಮಾತಿಗೆ ಬಂದರೆ ಅಣ್ಣ ಬಿಡುವವರಲ್ಲ. "ಗಾಡಿ ಅರವತ್ತರಲ್ಲಿ ಹೋಗ್ತಿದ್ರೆ ಒಳಗಿರೋ ಡಬ್ಬನೂ ಅರವತ್ತರಲ್ಲೇ ಹೋಗ್ತಿರ್ತದೆ ಕಣಿ. ಬ್ರೇಕು ಗಾಡಿಗೆ ಮಾತ್ರ, ಡಬ್ಬಕ್ಕಿಲ್ಲ." ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಆ ವೇಗದಲ್ಲಿ ಒಂದು ಉಪ್ಪಿನಕಾಯಿ ಜಾಡಿ ಮೇಲಿನ ಹಲಗೆಯಿಂದ ಮುಂದಿನ ಸೀಟಿನವರ ತಲೆಗೆ ಬರುವುದನ್ನು ಯೋಚಿಸಿದರೆ ಸಾಕು, ಮನುಷ್ಯ ತಾನೇ ಹಗ್ಗ ಹುಡುಕುತ್ತಾನೆ. ಟಿಟಿಯ ಒಳಗಿನ ತಲೆಮೇಲಿನ ಹಲಗೆಗೆ ಗಾಜು, ಕಬ್ಬಿಣ, ನೀರಿನ ಕ್ಯಾನು ಇವು ಹೋಗಲೇಬಾರದು.

ಇನ್ನೊಂದು ಮಾತನ್ನು ಈ ಸೀಮೆಯವರು ಮಾತ್ರ ಹೇಳಬಲ್ಲರು: ಹಗ್ಗ ಬಿಗಿ ಇದೆಯೋ ಇಲ್ಲವೋ ಕಾಡಿನ ಗೇಟಿಗೆ ಮುಂಚೆಯೇ ನೋಡಿಕೊಳ್ಳಬೇಕು. ಹುಣಸೂರಿಂದ ನಾಗರಹೊಳೆ ಮೇಲೆ ಕುಟ್ಟಕ್ಕೆ ಹೋಗುವವರಾದರೆ ವೀರನಹೊಸಹಳ್ಳಿಯಲ್ಲಿ, ಕೋಟೆ ಕಡೆಯಿಂದ ಬಾವಲಿಗೆ ಹೋಗುವವರಾದರೆ ಅಂತರಸಂತೆಯಲ್ಲಿ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಗೇಟು ಹಾಕಿರುತ್ತಾರೆ. ಹಗಲು ಬಿಟ್ಟರೂ ನಡುಕಾಡಿನಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಟಾರ್ಪಲ್ಲಿನ ಅಂಚು ಬಿಚ್ಚಿಕೊಂಡು ಪಟಪಟ ಬಡಿಯುತ್ತಿದ್ದರೆ, ಪಕ್ಕದ ಬಿದಿರುಮೆಳೆಯಲ್ಲಿ ಆನೆ ಇದ್ದರೆ, ಯಾರು ಟಾಪು ಹತ್ತುತ್ತಾರೆ?

"ಗೇಟ್ ಮುಂದೆ ಟೀ ಕುಡಿಯೋದು ಟೀಗಲ್ಲ, ಹಗ್ಗಕ್ಕೆ" ಅಂದರು ಅಣ್ಣ.

ಅಷ್ಟರಲ್ಲಿ ಅಣ್ಣನ ಮನೆಯ ಅಕ್ಕ ಮೊರದಲ್ಲಿ ಅಕ್ಕಿ ಕೇರುತ್ತಾ ಬೇಲಿಯ ಹತ್ತಿರ ಬಂದರು. "ರೈಲಲ್ಲಾದ್ರೆ ಈ ಪಾಡೇ ಇಲ್ಲ ಬುಡಿ, ಮೇಲಿನ ಬರ್ತಿಗೆ ಎಲ್ಲಾನೂ ಎಸುದು ಕೂತ್ಕಬೋದು" ಅಂದರು. ಅಕ್ಕನ ತವರು ಕೆ.ಆರ್. ನಗರದ ಕಡೆ. ನಮ್ಮ ಈ ನಾಲ್ಕು ತಾಲೂಕಿನಲ್ಲಿ ರೈಲು ಹಾದುಹೋಗುವುದು ಅಲ್ಲಿ ಮಾತ್ರ, ಮೈಸೂರಿಂದ ಹಾಸನ, ಅರಸೀಕೆರೆ ಕಡೆಗೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಯವರಿಗೆ ಬಸ್ಸೇ ಗತಿ. ಸ್ಲೀಪರ್ ಬೋಗಿಯಲ್ಲಿ ಒಬ್ಬರಿಗೆ 40 ಕೆ.ಜಿ. ಸಾಮಾನು ಬಿಟ್ಟಿ, ಎರಡನೇ ದರ್ಜೆಯಲ್ಲಿ 35. ರಾತ್ರಿ ಹತ್ತರಿಂದ ಬೆಳಗ್ಗೆ ಆರು ಮಲಗುವ ಹೊತ್ತು. ಹಗಲಿನಲ್ಲಿ ಮೇಲಿನ ಬರ್ತು ಖಾಲಿ ಇದೆಯೆಂದು ಎಲ್ಲರೂ ಅಲ್ಲಿಗೇ ಚೀಲ ಎಸೆಯುತ್ತಾರೆ, ಮಲಗಬೇಕಾದವನು ಹತ್ತಿದಾಗ ಎಲ್ಲರ ಚೀಲವನ್ನೂ ಒಂದೊಂದಾಗಿ ಇಳಿಸಿ ಕೊಡುತ್ತಾನೆ. ಜನರಲ್ ಬೋಗಿಯಲ್ಲಿ ಇದು ತಿರುಗುಮುರುಗು. ಅಲ್ಲಿ ತಲೆಮೇಲಿನ ಹಲಗೆ ಮಾಡಿರುವುದು ಸಾಮಾನಿಗೆ, ಮಲಗಿರುವುದು ಮನುಷ್ಯ. ದಿನಗೂಲಿ ಮುಗಿಸಿ ಬಂದವನು ಪಂಚೆ ಹೊದ್ದು ಆ ಕಂಬಿಗಳ ಮೇಲೆ ಮೈಚಾಚಿರುತ್ತಾನೆ, ಅವನ ಚೀಲ ಕೆಳಗೆ ಕಾಲ್ತುಳಿತದಲ್ಲಿ. ನನಗೆ ಅವನ ಮೇಲೆ ಯಾವತ್ತೂ ಕೋಪ ಬಂದಿಲ್ಲ. ದಣಿದ ಮೈಗೆ ನಾಲ್ಕಡಿ ಸಮತಟ್ಟು ಸಿಕ್ಕರೆ ಅದು ಅವನಿಗೇ ಸೇರಬೇಕು, ಸೂಟ್‌ಕೇಸಿಗಲ್ಲ.

ಈ ಮಾತಿಗೆ ಅಣ್ಣ ಸುಮ್ಮನಾದರು. ಆಮೇಲೆ ಹೇಳಿದ್ದು ಲಾರಿಯ ಕ್ಯಾಬಿನ್ನಿನ ವಿಷಯ. ಡ್ರೈವರ್ ಸೀಟಿನ ಹಿಂದೆ ಅಡ್ಡಕ್ಕೆ ಒಂದು ಹಲಗೆ ಇರುತ್ತದೆ, ಮಲಗುವುದಕ್ಕೆ. ಹಳೆಯ ಲಾರಿಗಳಲ್ಲಿ ಕ್ಯಾಬಿನ್ನನ್ನು ಇಲ್ಲೇ ಮರದಲ್ಲಿ ಕಟ್ಟುತ್ತಿದ್ದರಲ್ಲ, ಆಗ ನೆತ್ತಿಯ ಮೇಲೂ ಟಾರ್ಪಲ್, ಹಗ್ಗ ಇಡಲು ಜಾಗ ಬಿಡುತ್ತಿದ್ದರು. ಮೇಲಿನದು ಸಾಮಾನಿಗೆ, ಹಿಂದಿನದು ನಿದ್ದೆಗೆ. ಆದರೆ ಹೊರಡುವ ಹೊತ್ತಿಗೆ ಯಾರೋ ಒಂದು ಪಾರ್ಸಲ್ಲು ಕೊಡುತ್ತಾರೆ, ಇನ್ಯಾರೋ ಬಾಳೆಗೊನೆ. ಹಲಗೆ ತುಂಬುತ್ತದೆ. ಡ್ರೈವರನೂ ಕ್ಲೀನರನೂ ಕೂತಲ್ಲೇ ತೂಕಡಿಸುತ್ತಾರೆ.

"ನಿದ್ದೆ ಅನ್ನದು ಹೇಳಿ ಬರಾಕಿಲ್ಲ ಮೇಷ್ಟ್ರೇ. ಕಣ್ಣು ಬುಟ್ಕಂಡೇ ಬತ್ತದೆ."

ನನಗೆ ಮೈ ಜುಮ್ಮೆಂದಿತು. ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಂದದ್ದು 1961ರಲ್ಲಿ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆ ಒಂದೇಸಮ ದುಡಿಸಿದರೆ ಕನಿಷ್ಠ ಅರ್ಧ ಗಂಟೆ ಬಿಡುವು ಅಂತ, 2025ರಲ್ಲಿ ರದ್ದಾಗುವವರೆಗೂ, ಅದರಲ್ಲಿತ್ತು. ಆದರೆ ಅದು ಐದು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ನಮ್ಮೂರಿನಲ್ಲಿ ಟಿಟಿ ಬಾಡಿಗೆಗೆ ಬಿಡುವವರ ಹತ್ತಿರ ಒಂದು ಗಾಡಿ, ಹೆಚ್ಚೆಂದರೆ ಎರಡು. ಮಾಲೀಕನೇ ಡ್ರೈವರ್ ಆಗಿರುವುದೂ ಉಂಟು. ಅಂದಮೇಲೆ ಆ ಮನುಷ್ಯನ ನಿದ್ದೆಯನ್ನು ಕಾಯುವ ಹೊಣೆ ಗಾಡಿ ಹತ್ತಿದ ನಮ್ಮದೇ. ಯಾತ್ರೆಗೆ ಹೋದಾಗ ಏನಾಗುತ್ತದೆ? ನಾವು ದರ್ಶನಕ್ಕೆ ಹೋಗುತ್ತೇವೆ, ಊಟಕ್ಕೆ ಹೋಗುತ್ತೇವೆ, ರೂಮಿಗೆ ಹೋಗುತ್ತೇವೆ. ಡ್ರೈವರ್ ಮಲಗುವುದು ಟಿಟಿಯ ಕೊನೆಯ ಉದ್ದ ಸೀಟಿನ ಮೇಲೆ. ಆ ಸೀಟಿನ ಮೇಲೆ ಏನಿರುತ್ತದೆ? ಮೇಲಕ್ಕೆ ಕಟ್ಟಲು ಸೋಮಾರಿತನಪಟ್ಟು ನಾವು ತುರುಕಿದ ಸಾಮಾನು. ಮರುದಿನ ಅದೇ ಮನುಷ್ಯ ಅದೇ ಘಾಟಿಯನ್ನು ನಮ್ಮ ಮಕ್ಕಳನ್ನು ಕೂರಿಸಿಕೊಂಡು ಹತ್ತಬೇಕು.

"ಹಂಗಾದ್ರೆ ಕ್ಯಾರಿಯರ್ ಇರೋದೇ ನೋಡಿ ಅಣ್ಣ. ಮೆತ್ತನೆಯದೆಲ್ಲ ಮೇಲೆ ಹೋಗಲಿ, ಹಿಂದಿನ ಸೀಟು ಖಾಲಿ ಇರಲಿ" ಅಂದೆ.

ಅಣ್ಣ ತಲೆಯಾಡಿಸಿದರು. ಕ್ಯಾರಿಯರ್ ಮೇಲಿನ ಗಂಟು ಮೊಣಕಾಲೆತ್ತರ ದಾಟಬಾರದು, ಹಳ್ಳಿಗಳಲ್ಲಿ ಕರೆಂಟ್ ತಂತಿಯೂ ಹುಣಸೆ ಕೊಂಬೆಯೂ ತಗ್ಗಿನಲ್ಲಿರುತ್ತವೆ ಅಂದರು. ಟಾರ್ಪಲ್ ಅವರದೇ ಇದೆ.

ಅಮೆರಿಕದ ಹುಡುಗನಿಗೂ ಉತ್ತರ ಅಲ್ಲೇ ಸಿಕ್ಕಿತು. ಫೋನಿನಲ್ಲಿ ಅಣ್ಣನ ಮಾತನ್ನೇ ಕಳಿಸಿದೆ: "ಮಂಚದ ಮೇಲೆ ಮಂಚಕ್ಕೆ ಬೇಕಾದ್ದೇ ಮಡಗು ಮಗ. ದಿಂಬು, ರಗ್ಗು, ಹೊದಿಕೆ. ಅದಾದ್ರೆ ಹಗುರ, ರಾತ್ರಿ ಇಳಿಸೋ ಕೆಲಸನೂ ಇಲ್ಲ. ಮಂಚ ಇಳಿದ ಕೂಡ್ಲೇ ಹರಡ್ಕಂಡು ಮಲಗೋದೆಯ. ಕುರ್ಚಿ, ಟೆಂಟು ಕೆಳಗೆ ಬೈಕಿನ ಪಕ್ಕ ಕಟ್ಟು." ಎಲ್ಲ ಗೆಳೆಯರೂ ಓದುವ ಗುಂಪಿಗೆ ಹಾಕುತ್ತೇನೆ ಅಂತ ಬರೆದಿದ್ದಾನೆ. ದಿನಕ್ಕೆ ಹತ್ತು ಗಂಟೆ ಸರದಿಯ ಮೇಲೆ ಓಡಿಸುತ್ತಾರಂತೆ. ಇಳಿದ ಮೇಲೆ ಇಪ್ಪತ್ತು ಸಾಮಾನು ಸರಿಸಿ ಹಾಸಿಗೆ ಹುಡುಕುವ ಶಕ್ತಿ ಯಾರಿಗಿರುತ್ತದೆ!

"ರಾತ್ರಿ ಹೊರಡೋದು ಬ್ಯಾಡ, ಬೆಳಗ್ಗೆ ಐದಕ್ಕೆ ಹೊರಡವ" ಅಂತ ಅಕ್ಕನೇ ತೀರ್ಮಾನ ಕೊಟ್ಟರು. "ಡ್ರೈವರಪ್ಪನೂ ಮನೇಲಿ ಮಲಗೆದ್ದು ಬರ್ಲಿ. ಅಲ್ಲಿ ಅವರಿಗೂ ಒಂದು ಚಾಪೆ, ದಿಂಬು ನಾನೇ ತತ್ತೀನಿ." ಆಮೇಲೆ ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ಕೇಳಿದರು, "ಎಲ್ಲಾ ಸರಿ, ನನ್ನ ಅನ್ನದ ತಪ್ಪಲೆ? ಅದು ಹಗುರವಾಗದಲ್ಲ, ಮೇಲಕ್ಕೆ ಹೋಯ್ತದಾ?"

"ಅಲ್ಯೂಮಿನಿದು ಹಗುರ ನಿಜ, ಖಾಲಿ ತಪ್ಪಲೆ ಗಾಳಿಗೆ ಹಾರ್ತದೆ ಕಣಮ್ಮಿ" ಅಂದರು ಅಣ್ಣ. "ಒಳಕ್ಕೆ ಅಕ್ಕಿ ಗಂಟು ತುಂಬಿ ನಡು ಸೀಟಿನ ಅಡೀಗೆ ತಳ್ಳು."

ಅಕ್ಕ ತಪ್ಪಲೆಯ ಬಾಯಿ ಅಳೆಯಲು ಒಳಗೆ ಹೋದರು.