ಸರಣಿರಾಯರ ತಕರಾರು

ಪುಸ್ತಕ ಹಿಡಿಸದಿದ್ದರೆ ಅರ್ಧಕ್ಕೇ ಮಡಿಚಿಟ್ಟು ಬೇರೆ ಕೆಲಸ ನೋಡಿಕೊಳ್ಳುವವರು ಸಾಧಾರಣ ಓದುಗರು. ಹಿಡಿಸಲಿಲ್ಲ ಎಂದು ಬೈಯುತ್ತಲೇ ಕೊನೆಯ ಪುಟ ಮುಟ್ಟಿ, ‘ಮುಂದಿನ ಭಾಗ ಯಾವಾಗ ಬರುತ್ತಪ್ಪಾ?’ ಎಂದು ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗೆ ಫೋನು ಹಚ್ಚುವವರು ಸರಣಿರಾಯರು. ಈ ಹೆಸರು ಹೆತ್ತವರು ಇಟ್ಟದ್ದಲ್ಲ, ಕೃಷ್ಣರಾವ್ ಪಾರ್ಕಿನ ನಮ್ಮ ವಾಕಿಂಗ್ ಗುಂಪು ಇಟ್ಟದ್ದು. ಒಂದೇ ಪುಸ್ತಕದಲ್ಲಿ ಮುಗಿದುಹೋಗುವ ಕಾದಂಬರಿಯನ್ನು ಅವರು ಕೈಯಲ್ಲೂ ಮುಟ್ಟುವುದಿಲ್ಲ. ‘ಅಷ್ಟರಲ್ಲೇ ಮುಗಿಸೋಕೆ ಅವನಿಗೇನು ಬಸ್ಸು ತಪ್ಪುತ್ತಿತ್ತೇ?’ ಎನ್ನುತ್ತಾರೆ. ಇಂಥವರು ನಿಮ್ಮ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಪತ್ತೇದಾರಿ ಸರಣಿಯೋ, ಟೀವಿ ಧಾರಾವಾಹಿಯೋ, ಸರಕು ಬೇರೆ ಇರಬಹುದು, ಗೊಣಗಾಟ ಒಂದೇ. ನಮ್ಮ ರಾಯರ ಸರಕು ಸಮಾನಾಂತರ ವಿಶ್ವ.

ರಾಯರು ನಿವೃತ್ತರಾದದ್ದು ಒಂದು ವಿಮಾ ಕಚೇರಿಯ ಕ್ಲೇಮು ವಿಭಾಗದಿಂದ. ಈ ಒಂದು ಸಂಗತಿ ಗೊತ್ತಿದ್ದರೆ ಅವರ ಸಾಹಿತ್ಯ ವಿಮರ್ಶೆಯೆಲ್ಲ ಅರ್ಥವಾಗುತ್ತದೆ. ಜೀವಮಾನವಿಡೀ ಮುಂದೆ ಬಂದ ಕಾಗದವನ್ನೆಲ್ಲ ‘ಇದರಲ್ಲಿ ಸುಳ್ಳು ಎಲ್ಲಿದೆ’ ಎಂದೇ ಓದಿದವರು, ಕಾದಂಬರಿ ಬಂದಾಗ ಮಾತ್ರ ಕನ್ನಡಕ ಬದಲಾಯಿಸಿಯಾರೇ? ಕೈಯಲ್ಲಿ ಪೆನ್ಸಿಲ್ಲು, ಪಕ್ಕದಲ್ಲಿ ಅಡಿಕೋಲು. ಪುಟದಂಚಿನಲ್ಲಿ ‘ದಾಖಲೆ?’, ‘ಸಾಕ್ಷಿ?’, ‘ಪುಟ 112ಕ್ಕೆ ತಾಳೆಯಿಲ್ಲ’ ಎಂಬ ಷರಾಗಳು. ಮೆಚ್ಚಿದ ಕಡೆ ಒಂದು ಸಣ್ಣ ಟಿಕ್ಕು. ಟಿಕ್ಕುಗಳನ್ನು ನಾನು ಹುಡುಕಿ ನೋಡಿದ್ದೇನೆ, ಇವೆ.

ಅವರ ಮುಖ್ಯ ಕಡತ ಟೆರ್ರಿ ಪ್ರಾಚೆಟ್ ಮತ್ತು ಸ್ಟೀಫನ್ ಬ್ಯಾಕ್ಸ್ಟರ್ ಎಂಬ ಇಬ್ಬರು ಇಂಗ್ಲಿಷರು ಜೋಡಿಯಾಗಿ ಬರೆದ ‘ದಿ ಲಾಂಗ್ ಅರ್ಥ್’. 2012ರಲ್ಲಿ ಮೊದಲ ಭಾಗ, 2016ರಲ್ಲಿ ಐದನೆಯದು, ವರ್ಷಕ್ಕೊಂದರಂತೆ ಯುಗಾದಿ ಪಂಚಾಂಗದ ಶಿಸ್ತಿನಲ್ಲಿ ಬಂದವು. ಕತೆ ಇಷ್ಟು: ಯಾರೋ ಒಬ್ಬ ವಿಜ್ಞಾನಿ ಒಂದು ಸಣ್ಣ ಡಬ್ಬಿಯ ನಕಾಶೆಯನ್ನು ಲೋಕಕ್ಕೆಲ್ಲ ಹಂಚಿಬಿಡುತ್ತಾನೆ. ನಾಲ್ಕಾರು ತಂತಿ, ಒಂದು ಸ್ವಿಚ್ಚು, ವಿದ್ಯುತ್ತಿಗೆ ಒಂದು ಆಲೂಗಡ್ಡೆ. ಮಕ್ಕಳು ಆಟಕ್ಕೆಂದು ಜೋಡಿಸಿ ಸ್ವಿಚ್ಚು ಒತ್ತುತ್ತಾರೆ, ಇದ್ದಲ್ಲಿಂದ ಮಾಯವಾಗುತ್ತಾರೆ. ಹೋದದ್ದು ಪಕ್ಕದ ಭೂಮಿಗೆ. ಅಲ್ಲೂ ಅದೇ ಬೆಟ್ಟ, ಅದೇ ನದಿ, ಆದರೆ ಮನುಷ್ಯರಿಲ್ಲ, ಬರೀ ಕಾಡು. ಮತ್ತೆ ಒತ್ತಿದರೆ ಇನ್ನೊಂದು ಭೂಮಿ, ಅದರಾಚೆ ಮತ್ತೊಂದು, ಹೀಗೆ ಲಕ್ಷಗಟ್ಟಲೆ. ಒಂದು ಬದಿಯ ಭೂಮಿಗಳಿಗೆ ‘ಪೂರ್ವ’, ಇನ್ನೊಂದು ಬದಿಯವಕ್ಕೆ ‘ಪಶ್ಚಿಮ’ ಎಂದು ಹೆಸರು. ದಾಟುವವರಲ್ಲಿ ಬಹುಪಾಲಿಗೆ ಹೊಟ್ಟೆ ತೊಳಸುತ್ತದೆ. ಕಬ್ಬಿಣ ಮಾತ್ರ ಜೊತೆಗೆ ಬರುವುದಿಲ್ಲ.

ಮೊದಲ ತಕರಾರು ಎದ್ದದ್ದು ಆಲೂಗಡ್ಡೆಯ ಮೇಲೆ. ಆ ಹೊತ್ತಿಗೆ ಸರಿಯಾಗಿ ಮೊಮ್ಮಗ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆಲೂಗಡ್ಡೆ ಬ್ಯಾಟರಿ ಮಾಡುತ್ತಿದ್ದ. ರಾಯರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಒಂದು ಗಡ್ಡೆಗೆ ಒಂದು ತಾಮ್ರದ ತಂತಿ, ಒಂದು ಸತುವಿನ ಲೇಪದ ಮೊಳೆ. ಬಂದದ್ದು ಒಂದು ವೋಲ್ಟಿಗೂ ಕಡಿಮೆ. ಚಿಕ್ಕ ಕೆಂಪು ಬಲ್ಬು ಮಿಣುಕಬೇಕಾದರೂ ಮೂರು ಗಡ್ಡೆ ಸಾಲಾಗಿ ಜೋಡಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಪಾರ್ಕಿನಲ್ಲಿ ರಾಯರು ನನ್ನ ದಾರಿಗೇ ಅಡ್ಡ ನಿಂತರು. ‘ಅಲ್ರೀ, ಕರೆಂಟು ಕೊಡೋದು ಆಲೂಗಡ್ಡೆ ಅಲ್ವಂತೆ! ಕರಗಿ ಕರಗಿ ಕೊಡೋದು ಆ ಸತು. ಗಡ್ಡೆಯ ರಸ ಬರೀ ಮಧ್ಯಸ್ಥಗಾರ. ಆಮೇಲೆ ಇನ್ನೊಂದು ಕೇಳಿ, ಮೊಳೆ ಕಬ್ಬಿಣದ್ದು. ಕಬ್ಬಿಣ ದಾಟೋ ಹಾಗಿಲ್ಲ ಅಂತ ಇವರೇ ಬರೆದಿದ್ದಾರೆ. ಹಾಗಾದ್ರೆ ಡಬ್ಬಿ ಹೇಗೆ ದಾಟ್ತು?’

ಈ ಒಂದು ಪ್ರಶ್ನೆಯಿಂದ ಐದು ಸಂಪುಟಗಳೂ ಕುಸಿದು ಬಿದ್ದವೆಂಬ ಗೆಲುವು ಮುಖದ ಮೇಲಿತ್ತು. ಸಂಜೆ ಮೊಮ್ಮಗ ‘ತಾತ, ಮೊಳೆ ಬದಲು ಸತುವಿನ ಪಟ್ಟಿ ಹಾಕಿದ್ರಾಯ್ತಲ್ಲ’ ಎಂದನಂತೆ. ಎರಡು ದಿನ ರಾಯರು ವಾಕಿಂಗಿಗೆ ಬರಲಿಲ್ಲ.

ಬಂದಾಗ ಹೊಸ ಅಸ್ತ್ರ ತಂದಿದ್ದರು. ಕಬ್ಬಿಣ ದಾಟದಿದ್ದರೆ ರಕ್ತದಲ್ಲಿರುವ ಕಬ್ಬಿಣದ ಗತಿ? ಇದನ್ನು ಮೊದಲು ಮನೆಯಲ್ಲೇ ಪ್ರಯೋಗಿಸಿದ್ದರು. ರಾಯರ ಹೆಂಡತಿ ಹುರುಳಿಕಾಯಿ ಸೋಸುತ್ತಾ ತಲೆಯೆತ್ತದೆ, ‘ನಿಮ್ಮ ಹಿಮೋಗ್ಲೋಬಿನ್ ಹೋದ ತಿಂಗಳು ಒಂಬತ್ತು ಬಂದಿದೆ. ನಿಮ್ಮನ್ನ ಯಾರೂ ತಡೆಯಲ್ಲ, ಹೋಗಿಬನ್ನಿ. ಬರುವಾಗ ಸೊಪ್ಪು ತನ್ನಿ’ ಎಂದರಂತೆ. ಈ ಮಾತನ್ನು ನಮಗೆ ಹೇಳಿದವರು ರಾಯರಲ್ಲ, ಅವರ ಹೆಂಡತಿಯೇ.

ಇವೆಲ್ಲ ಹವ್ಯಾಸಿ ತಕರಾರುಗಳು. ವೃತ್ತಿಪರ ತಕರಾರು ಬೇರೆ ಇದೆ. ಜನ ಹೀಗೆ ಕಾಡಿನ ಭೂಮಿಗಳಿಗೆ ಹೊರಟುಹೋಗಿ ವಾಪಸು ಬರದಿದ್ದರೆ ಪಾಲಿಸಿಯ ದುಡ್ಡು ಯಾರಿಗೆ? ನಮ್ಮ ಸಾಕ್ಷ್ಯ ಕಾನೂನಿನ ಪ್ರಕಾರ, ಸುದ್ದಿ ಬರಬೇಕಾದವರಿಗೆ ಏಳು ವರ್ಷ ಸುದ್ದಿ ಬರದಿದ್ದರೆ ಮನುಷ್ಯ ಸತ್ತನೆಂದು ಭಾವಿಸಬಹುದು. ‘ಪಶ್ಚಿಮ ಹತ್ತು ಲಕ್ಷದಲ್ಲಿ ಗಂಡ ಜೋಳ ಬೆಳೀತಾ ಕೂತಿದ್ದಾನೆ, ಇಲ್ಲಿ ಹೆಂಡತಿ ಎಂಟನೇ ವರ್ಷಕ್ಕೆ ಅರ್ಜಿ ಹಾಕ್ತಾಳೆ. ಅಂಥ ಅರ್ಜಿ ಸಾವಿರ ಬಂದ್ರೆ ಕಚೇರಿ ಉಳಿಯುತ್ತೇನ್ರೀ? ಐದು ಪುಸ್ತಕದಲ್ಲಿ ಒಂದು ಪ್ಯಾರಾ ಇಲ್ಲ ಇದರ ಬಗ್ಗೆ!’

ಕತೆಯಲ್ಲಿ ಲೋಬ್ಸಾಂಗ್ ಎಂಬ ಯಂತ್ರಬುದ್ಧಿ ಒಂದಿದೆ. ಹಿಂದಿನ ಜನ್ಮದಲ್ಲಿ ತಾನು ಟಿಬೆಟ್ಟಿನ ಮೋಟರ್‌ಸೈಕಲ್ ರಿಪೇರಿಯವನಾಗಿದ್ದೆ, ಈಗ ಕಂಪ್ಯೂಟರಿನಲ್ಲಿ ಮರುಹುಟ್ಟು ಪಡೆದಿದ್ದೇನೆ ಎಂದು ಅದು ವಾದಿಸುತ್ತದೆ. ಓದುಗರೆಲ್ಲ ನಗುವ ಈ ಪಾತ್ರದ ಮುಂದೆ ರಾಯರು ಗಂಭೀರವಾಗಿಬಿಡುತ್ತಾರೆ. ಮರುಹುಟ್ಟು ಪಡೆದವನೇ ತನ್ನ ಹಳೆಯ ಪಾಲಿಸಿಯ ನಾಮಿನಿಯಾಗಿ ಬಂದು ನಿಂತರೆ ಏನು ಉತ್ತರ ಕೊಡುವುದು? ಈ ಪುಟದಂಚಿನಲ್ಲಿ ಅವರ ಷರಾ: ‘ಮೇಲಧಿಕಾರಿಗಳ ಗಮನಕ್ಕೆ.’

ಅವರ ಟಿಕ್ಕು ಬಿದ್ದಿರುವ ಜಾಗ ಯಾವುದು ಗೊತ್ತೇ? ಕಳ್ಳರದ್ದು. ಪಕ್ಕದ ಭೂಮಿಗೆ ದಾಟಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಇತ್ತ ದಾಟಿದರೆ ಬೀಗ ಹಾಕಿದ ಮನೆಯೊಳಗೇ ಇರುತ್ತೀರಿ. ಅದಕ್ಕೇ ಅಲ್ಲಿ ಬೆಲೆಬಾಳುವ ವಸ್ತುಗಳೆಲ್ಲ ನೆಲಮಾಳಿಗೆಗೆ ಹೋಗುತ್ತವೆ. ಪಕ್ಕದ ಲೋಕದಲ್ಲಿ ಆ ಮಟ್ಟದಲ್ಲಿರುವುದು ಗಟ್ಟಿ ಮಣ್ಣು, ಮಣ್ಣೊಳಗಿಂದ ದಾಟಿಬರುವುದು ಯಾರಿಂದಲೂ ಆಗದು. ‘ಇದನ್ನ ಬರೆದವನು ಕಳ್ಳತನದ ಫೈಲು ನೋಡಿದ್ದಾನೆ’ ಎಂದು ರಾಯರು ತಲೆದೂಗುತ್ತಾರೆ. ಅವರಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿಯನ್ನು ಯಾವ ಲೇಖಕನೂ ಪಡೆದದ್ದು ನಾನು ಕಂಡಿಲ್ಲ.

2013ರಲ್ಲಿ ಎರಡನೆಯ ಭಾಗ ‘ದಿ ಲಾಂಗ್ ವಾರ್’ ಬಂತು. ಈ ಹೆಸರು ಈಗಲೂ ರಾಯರ ಮುಂದೆ ಎತ್ತುವ ಹಾಗಿಲ್ಲ. ‘ಹೆಸರು ಲಾಂಗ್ ವಾರ್. ಸರಿ. ಯುದ್ಧ ಎಲ್ಲಿ? ಹಡಗು ಹಾರುತ್ತೆ, ಸೈನಿಕರು ಇಳೀತಾರೆ, ಮಾತಾಡ್ತಾರೆ, ಊಟ ಮಾಡ್ತಾರೆ, ಹೊರಡ್ತಾರೆ. ಚೀನಾದವರು ಎರಡು ಕೋಟಿ ಭೂಮಿ ದಾಟಿ ಹೋಗಿಬರ್ತಾರೆ, ಒಂದು ಕಲ್ಲೂ ಎಸೆಯಲ್ಲ. ಶೀರ್ಷಿಕೆಯಲ್ಲಿ ಆಶ್ವಾಸನೆ ಕೊಟ್ಟು ಒಳಗೆ ಪೂರೈಸದೇ ಇರೋದಕ್ಕೆ ನಮ್ಮ ಇಲಾಖೆಯಲ್ಲಿ ಏನಂತಾರೆ ಗೊತ್ತಾ?’ ಗೊತ್ತಿಲ್ಲ ಎಂದರೆ ಕೆಟ್ಟಿರಿ. ನಾವೆಲ್ಲ ‘ಗೊತ್ತು ಗೊತ್ತು’ ಎಂದೇ ನಡೆಯುತ್ತೇವೆ. ನ್ಯಾಯವಾಗಿ ಹೇಳಬೇಕಾದರೆ ಈ ದೂರು ಅವರೊಬ್ಬರದಲ್ಲ. ಆ ಪುಸ್ತಕ ಓದಿದ ಹೆಚ್ಚಿನವರು ಯುದ್ಧವನ್ನು ಹುಡುಕಿ ಸುಸ್ತಾದವರೇ. ನಾನೂ ಹುಡುಕಿದ್ದೇನೆ.

ಮೂರನೆಯದರಲ್ಲಿ ಮಂಗಳ ಗ್ರಹಕ್ಕೂ ಸಾಲು ಸಾಲು ಜೋಡಿಗಳಿವೆ ಎಂದು ತಿಳಿಯುತ್ತದೆ. ರಾಯರು ‘ಪರವಾಗಿಲ್ಲ’ ಎಂದರು. ಅಷ್ಟೇ.

ಲೇಖಕರು ಜೋಡಿಯಾದ್ದರಿಂದ ರಾಯರಿಗೆ ಇನ್ನೊಂದು ಕೆಲಸ ಸಿಕ್ಕಿತು: ಯಾವ ಸಾಲು ಯಾರದ್ದು ಎಂಬ ಪತ್ತೆ. ಪ್ರಾಚೆಟ್ ಎಂದರೆ ‘ಡಿಸ್ಕ್‌ವರ್ಲ್ಡ್’ ಎಂಬ ಹಾಸ್ಯ ಸರಣಿಯಲ್ಲಿ ನಲವತ್ತೊಂದು ಕಾದಂಬರಿ ಬರೆದ ಪುಣ್ಯಾತ್ಮ. ಬ್ಯಾಕ್ಸ್ಟರ್ ಗಣಿತ ಕಲಿತು, ನಕ್ಷತ್ರಗಳ ಆಯಸ್ಸನ್ನು ಲೆಕ್ಕ ಹಾಕಿ ಬರೆಯುವವನು. ಆದ್ದರಿಂದ ನಗು ಬಂದರೆ ಪ್ರಾಚೆಟ್ ಖಾತೆಗೆ, ಆಕಳಿಕೆ ಬಂದರೆ ಬ್ಯಾಕ್ಸ್ಟರ್ ಖಾತೆಗೆ. 2015ರ ಮಾರ್ಚ್‌ನಲ್ಲಿ ಪ್ರಾಚೆಟ್ ತೀರಿಕೊಂಡ. ಆಲ್ಜೈಮರ್ ಕಾಯಿಲೆಯಿದೆಯೆಂದು ತಾನೇ ಲೋಕಕ್ಕೆ ಹೇಳಿ, ಬೆರಳು ಸೋತಾಗ ಬಾಯಲ್ಲಿ ಹೇಳಿ ಬರೆಸುತ್ತ ಏಳು ವರ್ಷಕ್ಕೂ ಹೆಚ್ಚು ದುಡಿದವನು. ಆ ವಾರ ರಾಯರು ಪಾರ್ಕಿನಲ್ಲಿ ಯಾವ ಪುಸ್ತಕವನ್ನೂ ಬೈಯಲಿಲ್ಲ. ಜೂನ್‌ನಲ್ಲಿ ನಾಲ್ಕನೆಯ ಭಾಗ ಬಂದಾಗ, ತೀರಿಕೊಂಡವರ ಬಗ್ಗೆ ಕೆಟ್ಟದ್ದಾಡಬಾರದೆಂದು ಅದರ ತಪ್ಪುಗಳನ್ನೆಲ್ಲ ಸಾರಾಸಗಟಾಗಿ ಬ್ಯಾಕ್ಸ್ಟರ್ ತಲೆಗೇ ಕಟ್ಟಿದರು. ಬದುಕಿರುವ ಲೇಖಕನ ಕಷ್ಟ ನೋಡಿ.

‘ಕುಮಾರವ್ಯಾಸ ಹತ್ತು ಪರ್ವ ಬರೆದು ನಿಲ್ಲಿಸಿದ. ಮಿಕ್ಕದ್ದನ್ನ ತಿಮ್ಮಣ್ಣ ಕವಿ ಮುಗಿಸಿದ. ಗಮಕಿಗಳು ಎಂದಾದರೂ ತಿಮ್ಮಣ್ಣನ್ನ ಹಾಡಿದ್ದು ಕೇಳಿದೀರಾ?’ ಎಂದು ಒಮ್ಮೆ ಕೇಳಿದರು. ಇಲ್ಲ ಎಂದೆವು. ‘ನಾನು ಓದಿದೀನಿ’ ಎಂದರು ರಾಯರು. ನಾವು ಬೆರಗಾಗಿ ‘ಹೇಗಿದೆ?’ ಎಂದೆವು. ‘ಚೆನ್ನಾಗಿಲ್ಲ. ಆದರೆ ಅರ್ಧಕ್ಕೆ ಬಿಡೋಕಾಗುತ್ತೇನ್ರೀ?’

ಅವರ ಅಸಲು ನೋವು ಗೊತ್ತಾದದ್ದು ತಡವಾಗಿ. ಹ್ಯೂ ಎವರೆಟ್ ಎಂಬ ಅಮೆರಿಕನ್ ತರುಣ 1957ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಮಂಡಿಸಿದ ಪ್ರಬಂಧ ಅವರಿಗೆ ಬಾಯಿಪಾಠ. ಅಣುಕಣದ ಮಟ್ಟದಲ್ಲಿ ಹೀಗೂ ಆಗಬಹುದು ಹಾಗೂ ಆಗಬಹುದು ಎನ್ನುವ ಕಡೆಯೆಲ್ಲ ಎರಡೂ ಆಗುತ್ತವೆ, ಆದರೆ ಬೇರೆ ಬೇರೆ ಕವಲುಗಳಲ್ಲಿ. ಒಂದು ಕವಲಿನಿಂದ ಇನ್ನೊಂದಕ್ಕೆ ದಾರಿ ಮಾತ್ರ ಇಲ್ಲ. ಆ ಕಾಲದ ದೊಡ್ಡವರು ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಎವರೆಟ್ ಭೌತಶಾಸ್ತ್ರ ಬಿಟ್ಟು ಪೆಂಟಗನ್ನಿನ ಕೆಲಸಕ್ಕೆ ಸೇರಿಕೊಂಡ. ರಾಯರ ಲೆಕ್ಕದಲ್ಲಿ ಇದರರ್ಥ ಬಹಳ ಸರಳ: ಯಾವುದೋ ಒಂದು ಕವಲಿನಲ್ಲಿ ತಾವು ಶಾಖಾ ವ್ಯವಸ್ಥಾಪಕರಾಗಿಯೇ ನಿವೃತ್ತರಾಗಿದ್ದಾರೆ. ಪ್ರಮೋಷನ್ನಿನ ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲಿದ್ದ ಹೆಸರು ಅಲ್ಲಿ ಕೆಳಗಿದೆ.

ಹಾಗಿರುವಾಗ ಪ್ರಾಚೆಟ್-ಬ್ಯಾಕ್ಸ್ಟರ್ ಮಾಡಿದ್ದೇನು? ಭೂಮಿಗಳನ್ನೇನೋ ಲಕ್ಷ ಕೋಟಿ ಕೊಟ್ಟರು, ಅವುಗಳಲ್ಲಿ ಮನುಷ್ಯರನ್ನೇ ಇಡಲಿಲ್ಲ. ಹಾಡುವ ಟ್ರೋಲುಗಳಿವೆ, ಎಗರುವ ಎಲ್ಫುಗಳಿವೆ, ಇತಿಹಾಸವಿಲ್ಲ, ಕಚೇರಿಯಿಲ್ಲ, ಪ್ರಮೋಷನ್ನಿಲ್ಲ. ‘ಎರಡು ಕೋಟಿ ಭೂಮಿ ತಡಕಿದೆ ಕಣ್ರೀ, ಒಂದರಲ್ಲೂ ನಾನಿಲ್ಲ!’ ಎಂದರು ರಾಯರು. ಅವತ್ತು ಅವರ ದನಿಯಲ್ಲಿ ತಕರಾರು ಇರಲಿಲ್ಲ.

ಹನ್ನೊಂದನೇ ತರಗತಿಯ ಮೊಮ್ಮಗಳು ಸಮಾಧಾನಕ್ಕೆಂದು ತನ್ನ ಸಿಬಿಎಸ್‌ಇ ಇಂಗ್ಲಿಷ್ ಪಠ್ಯದ ಒಂದು ಪಾಠ ತಂದುಕೊಟ್ಟಳು. ಜಯಂತ ನಾರ್ಳೀಕರರ ಕತೆ. ಪುಣೆಯ ಇತಿಹಾಸದ ಪ್ರೊಫೆಸರೊಬ್ಬರು 1761ರ ಪಾಣಿಪತ್ ಯುದ್ಧವನ್ನು ಮರಾಠರೇ ಗೆದ್ದ ಲೋಕಕ್ಕೆ ಹೊರಳಿಬಿಡುತ್ತಾರೆ. ಆ ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಅಂಗಡಿ ಮುಚ್ಚಿಲ್ಲ. ರಾಯರು ಒಂದೇ ಉಸಿರಿಗೆ ಓದಿದರು, ಪೆನ್ಸಿಲ್ಲು ಕಿವಿಯ ಮೇಲೇ ಇತ್ತು. ಓದಿ ಮುಗಿಸಿ ಹಾಳೆ ತಿರುವಿದರು. ಮುಂದಿನ ಪಾಠ ಬೇರೇನೋ ಇತ್ತು.

‘ಎರಡನೇ ಭಾಗ?’

‘ಇಲ್ಲ ತಾತ, ಅಷ್ಟೇ.’

‘ಯುದ್ಧ ಇರೋ ಕತೆ ಒಂದೇ ಪಾಠಕ್ಕೆ ಮುಗಿಸ್ತಾರೆ, ಯುದ್ಧ ಇಲ್ಲದ್ದನ್ನ ಐದು ಭಾಗ ಎಳೀತಾರೆ!’ ಇದು ಅವರ ಇಡೀ ವಿಮರ್ಶೆಯಲ್ಲಿ ನಾನು ಪೂರ್ತಿ ಒಪ್ಪುವ ಒಂದೇ ವಾಕ್ಯ.

ನಮ್ಮ ಗುಂಪಿನಲ್ಲಿ ಹಿರಿಯರಾದ ಶಾಸ್ತ್ರಿಗಳೊಬ್ಬರಿದ್ದಾರೆ. ಇಷ್ಟು ವರ್ಷ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದವರು ಮೊನ್ನೆ ಬೆಂಚಿನ ಮೇಲೆ ಕೂತು ಯೋಗವಾಸಿಷ್ಠದ ಲೀಲೆಯ ಕತೆ ಎತ್ತಿದರು. ರಾಜ ಸತ್ತಿದ್ದಾನೆ, ರಾಣಿ ಲೀಲೆ ಸರಸ್ವತಿಯ ದಯೆಯಿಂದ ನೋಡುತ್ತಾಳೆ: ಶವವಿರುವ ಅದೇ ಕೋಣೆಯ ಆಕಾಶದೊಳಗೆ ಇನ್ನೊಂದು ಲೋಕ, ಅಲ್ಲಿ ಗಂಡ ಇನ್ನೊಬ್ಬ ರಾಜನಾಗಿ ಆಳುತ್ತಿದ್ದಾನೆ. ತಮ್ಮ ಈ ರಾಜ್ಯವಾದರೂ ಎಲ್ಲಿದೆ? ಒಬ್ಬ ಬಡ ಬ್ರಾಹ್ಮಣನ ಮನೆಯ ಮೂಲೆಯಲ್ಲಿ! ಶಾಸ್ತ್ರಿಗಳು ‘ಎಲ್ಲ ನಮ್ಮಲ್ಲೇ ಇತ್ತು ರಾಯರೇ’ ಎಂದು ಮುಗಿಸಿದರು. ಹಾಗೆನ್ನುವವರ ಮೇಲೆ ಸಾಮಾನ್ಯವಾಗಿ ಹರಿಹಾಯುವ ರಾಯರು ಅವತ್ತು ಕೇಳಿದ್ದು ಒಂದೇ ಪ್ರಶ್ನೆ.

‘ಅದು ಎಷ್ಟು ಭಾಗ?’

‘ಆರು ಪ್ರಕರಣ. ಕೊನೆಯದು ಉದ್ದ, ಅದರಲ್ಲೇ ಪೂರ್ವಾರ್ಧ, ಉತ್ತರಾರ್ಧ ಅಂತ ಎರಡು.’

ರಾಯರ ಕಣ್ಣು ಮಿನುಗಿತು. ಮರುವಾರವೇ ಕಟ್ಟು ಮನೆಗೆ ಬಂತು, ಅಡಿಕೋಲು ಹೊರಬಿತ್ತು. ಈಗ ಮೂರನೆಯದಾದ ಉತ್ಪತ್ತಿ ಪ್ರಕರಣದಲ್ಲಿದ್ದಾರೆ. ತೀರ್ಪು ಆಗಲೇ ಬಂದಿದೆ: ವೈರಾಗ್ಯ ಪ್ರಕರಣ ಚೆನ್ನಾಗಿತ್ತು, ಆಮೇಲೆ ಎಳೆದಿದ್ದಾರೆ. ಸತ್ತ ರಾಜನ ಉತ್ತರಾಧಿಕಾರ ಪತ್ರದ ಬಗ್ಗೆಯೂ ಪುಟದಂಚಿನಲ್ಲಿ ಒಂದು ಷರಾ ಇದೆಯೆಂದು ಅವರ ಹೆಂಡತಿ ಹೇಳಿದರು.

ಲಾಂಗ್ ಅರ್ಥ್ ಓದುವ ಮನಸ್ಸಿದ್ದವರು ಮೊದಲ ಭಾಗವನ್ನು ಧಾರಾಳವಾಗಿ ಓದಿ, ಕಳ್ಳರೂ ಟ್ರೋಲುಗಳೂ ದುಡ್ಡಿಗೆ ಮೋಸ ಮಾಡುವುದಿಲ್ಲ. ಲಾಂಗ್ ವಾರ್ ಮಾತ್ರ ಕೊಳ್ಳಬೇಡಿ. ಮೊದಲು ಕೊಂಡ ಪ್ರತಿಯ ಬೆನ್ನು ಮಿಕ್ಕ ನಾಲ್ಕಕ್ಕಿಂತ ಅರ್ಧ ಇಂಚು ಎತ್ತರವಾಯಿತೆಂದು ರಾಯರು ಇನ್ನೊಂದನ್ನು ತರಿಸಿದ್ದಾರೆ. ಹೆಚ್ಚಿನದನ್ನು ಕೇಳಿದವರಿಗೆ ಕೊಡುತ್ತಾರೆ, ವಾಪಸು ಕೇಳುವುದಿಲ್ಲ. ಹೋಗುವುದಾದರೆ ಸಂಜೆ ಏಳರೊಳಗೆ ಹೋಗಿ. ತಡವಾದರೆ ಊಟವೂ ಅಲ್ಲೇ, ಯುದ್ಧ ಎಲ್ಲಿ ಎಂಬ ಪ್ರಶ್ನೆಗೆ ಉತ್ತರವನ್ನೂ ನೀವೇ ಕೊಡಬೇಕು.